ಚೌಕಗಳ ಲೆಕ್ಕ

ಮೊದಲ ದಿನ ನಾನೂರ ಹನ್ನೆರಡು ಚೌಕ.

ಗಾಯದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ
ಅಂಚಿನಗುಂಟ ಮಾರ್ಕರ್ ಎಳೆದು
ಗ್ರಾಫ್ ಕಾಗದಕ್ಕೆ ಇಳಿಸಿ ಎಣಿಸುವುದು ನನ್ನ ಕೆಲಸ.
ಅರ್ಧಕ್ಕಿಂತ ಹೆಚ್ಚು ತುಂಬಿದ್ದರೆ ಒಂದು,
ಕಡಿಮೆಯಿದ್ದರೆ ಲೆಕ್ಕಕ್ಕಿಲ್ಲ.
ಲೆಕ್ಕಕ್ಕಿಲ್ಲದವೂ ಅವಳ ಕಾಲೇ.

ಪೀರಾಂಬಿ. ಐವತ್ತೆಂಟು. ಎಡ ಅಂಗಾಲು.
ಸಕ್ಕರೆ ಬಂದು ಹನ್ನೊಂದು ವರ್ಷ,
ಮಂಡಕ್ಕಿ ಭಟ್ಟಿ ಸೇರಿ ಮೂವತ್ತನಾಲ್ಕು.
ಫಾರಮ್ಮಿನಲ್ಲಿ ನೋವಿಗೊಂದು ಕಾಲಂ ಇದೆ,
ಸೊನ್ನೆಯಿಂದ ಹತ್ತು.
ಸೊನ್ನೆ ಹಾಕಿಕೋ ಅಂದಳು, ಪಾಸಾದವಳ ಹಾಗೆ.
ಆ ದಿನ ಚೆಲ್ಲಿದ ಕಾದ ಮರಳಿನ ಮೇಲೆ
ನಿಂತೇ ಇದ್ದಳಂತೆ.
ಸೀದ ವಾಸನೆ ಬಂತು,
ಅಕ್ಕಿ ಹೊತ್ತಿತೆಂದು ಬಾಣಲೆಗೆ ಬಗ್ಗಿದಳಂತೆ.
ಅಕ್ಕಿ ಬೆಳ್ಳಗೆ ಅರಳಿ ನಗುತ್ತಿತ್ತಂತೆ.

ಸೋಮವಾರ, ಗುರುವಾರ. ಆಸ್ಪತ್ರೆಯ ಹಿಂದಿನ ಕೋಣೆ.
ಕಿಟಕಿಯಾಚೆ ದಾವಣಗೆರೆಯ ಬಿಸಿಲು, ಹರಿಹರದ ಬಸ್ಸು.
ಫ್ರಿಜ್ಜಿನಲ್ಲಿ ಎರಡು ಸಾಲು ಟ್ಯೂಬು: ಎ, ಬಿ.
ಒಂದರಲ್ಲಿ ಸೊಪ್ಪಿನ ಸಾರ ಹೊತ್ತ ನ್ಯಾನೋಜೆಲ್,
ಇನ್ನೊಂದರಲ್ಲಿ ಬರೀ ಜೆಲ್.
ಯಾವುದು ಯಾವುದೆಂದು ನನಗೂ ಗೊತ್ತಿಲ್ಲ.
ಬರೆದಿಟ್ಟ ಚೀಟಿ ಕೊಟ್ರೇಶ್ ಸರ್ ಕಪಾಟಿನಲ್ಲಿ
ಅರಗಿನ ಮುದ್ರೆ ಹಾಕಿಸಿಕೊಂಡು ಮಲಗಿದೆ.
ಉಳಿದದ್ದೆಲ್ಲ ಎಲ್ಲರಿಗೂ ಸಮ:
ಸಲೈನು, ಮಾತ್ರೆ, ಎಂಸಿಆರ್ ಚಪ್ಪಲಿ, ನನ್ನ ಕೈ.

ನ್ಯಾನೋ ಅಂದರೆ ಏನು ಅಂತ ಕೇಳಿದಳು.
ಒಂದು ಮಂಡಕ್ಕಿಯನ್ನು ಲಕ್ಷ ಹೋಳು ಸೀಳಿದರೆ
ಒಂದು ಹೋಳಿನ ದಪ್ಪ, ಅಂದೆ.
ಅಷ್ಟು ಸಣ್ಣ ಗುಂಡು ಗಾಯದ ನೀರು ಕುಡಿದು ಉಬ್ಬುತ್ತದೆ,
ಉಬ್ಬಿ, ಒಳಗಿನ ಮದ್ದನ್ನು
ಸ್ವಲ್ಪ ಸ್ವಲ್ಪವೇ ಬಿಡುತ್ತದೆ.
‘ಹಂಗಾದ್ರೆ ಅದೂ ಅರಳ್ತೈತೆ ಅನ್ನು.’
ಪ್ರಬಂಧದ ಮೂರನೇ ಅಧ್ಯಾಯದಲ್ಲಿ
ಇದನ್ನೇ ಹದಿನಾಲ್ಕು ಪುಟ ಬರೆದಿದ್ದೆ.

ಐದನೇ ವಾರ ಟ್ಯೂಬು ಇಸಿದುಕೊಂಡು ಮೂಸಿದಳು.
‘ಯಾವ ಗಿಡ ಅಂದಿ?’
ಹೇಳಿದೆ. ಭಟ್ಟಿ ಗೋಡೆಯ ಬುಡದಲ್ಲೂ ಏಳುವ ಕಳೆ,
ಉದ್ದ ಕಡ್ಡಿಯ ತುದಿಗೆ ಹಳದಿ ಬೊಟ್ಟು,
ಮಕ್ಕಳು ಹೆಬ್ಬೆರಳಿಂದ ಚಿಮ್ಮಿ ತಲೆ ಹಾರಿಸುವ ಹೂ.
‘ಗೊತ್ತು. ಬಿದ್ದು ಬಂದ್ರೆ ಅಮ್ಮಿ ಅಂಗೈಯಾಗೆ ತಿಕ್ಕಿ
ಮಂಡಿಗೆ ಹಿಂಡ್ತಿದ್ಲು. ಕಹಿ ವಾಸನೆ.
ಇದರಾಗಿಲ್ಲ.
ನಂದು ಖಾಲಿ ಟ್ಯೂಬು, ಬೇಟಿ.’

ಶುದ್ಧ ಮಾಡುವಾಗ ವಾಸನೆ ಹೋಗುತ್ತದೆ ಅನ್ನಬಹುದಿತ್ತು.
ಅದು ನಿಜವೂ ಹೌದು.
ಬೇಡವೆನಿಸಿದರೆ ಬಿಡಬಹುದು, ಯಾರೂ ಕೇಳುವುದಿಲ್ಲ,
ಸಹಿ ಹಾಕಿಸುವಾಗಲೇ ಓದಿ ಹೇಳಿದ್ದೆ. ಮತ್ತೆ ಹೇಳಿದೆ.
ಅವಳು ಕಾಲನ್ನು ಸ್ಟೂಲಿನ ಮೇಲೆ
ಇನ್ನಷ್ಟು ಮುಂದಕ್ಕೆ ಚಾಚಿದಳು.
‘ಮರಳನ್ನ ಯಾರು ತಿಂತಾರೆ?
ಜರಡಿ ಹಿಡಿದು ಇಳಿಸಿಬಿಡ್ತೀವಿ.
ಅದಿಲ್ದೆ ಒಂದು ಕಾಳೂ ಅರಳಲ್ಲ. ಬರ್ಕೋ.’

‘ಇತರೆ’ ಎಂಬಲ್ಲಿ ಒಂದೂವರೆ ಇಂಚು ಜಾಗವಿತ್ತು.
ಬರೆಯಲಿಲ್ಲ.

ಪಕ್ಕದ ಸ್ಟೂಲಿನ ಹಾಲಪ್ಪ, ಗೂಡ್ಸ್ ಆಟೋ, ಬಲ ಹೆಬ್ಬೆರಳು,
ಎಂಟನೇ ವಾರಕ್ಕೆ ಹತ್ತೊಂಬತ್ತೇ ಚೌಕ,
ಹೊಸ ಚರ್ಮಕ್ಕೆ ಎಳೇ ಬದನೆಯ ಮಿಂಚು.
ಪೀರಾಂಬಿಗೆ ಇನ್ನೂ ಇನ್ನೂರ ಅರವತ್ತು.
ಅವನ ಕಾಲನ್ನು ಅವಳು ಬಗ್ಗಿ ನೋಡುತ್ತಾಳೆ,
ದಿನದ ಮೊದಲ ಬಾಣಲೆಯ ಹದ ನೋಡುವವಳಂತೆ,
ಹುಬ್ಬೇರಿಸಿ, ಪರವಾಗಿಲ್ಲ ಅನ್ನುತ್ತಾಳೆ.

ಇವತ್ತು ಹನ್ನೆರಡನೇ ವಾರ, ಕೊನೆಯ ಹಾಳೆ.
ಸೋಮವಾರ ಮುದ್ರೆ ಒಡೆಯುತ್ತಾರೆ.
ಮೇಜಿನ ಮೇಲೆ ಅವಳಿಟ್ಟು ಹೋದ ಪೇಪರ್ ಪೊಟ್ಟಣ,
ಮಂಡಕ್ಕಿ ಇನ್ನೂ ಬೆಚ್ಚಗಿದೆ.
ಮೊದಲ ಹಿಡಿಗೇ
ಒಂದು ಮರಳ ಕಣ ಹಲ್ಲಿಗೆ ಸಿಕ್ಕಿತು.

ನೂರ ಎಂಬತ್ತು, ಎಂಬತ್ತೊಂದು...
ಅಂಚಿನಲ್ಲೊಂದು ಚೌಕ ಸರಿಯಾಗಿ ಅರ್ಧ.
ನಿಯಮದಲ್ಲಿ ಹೆಚ್ಚಿದೆ, ಕಡಿಮೆಯಿದೆ,
ಅರ್ಧವಿಲ್ಲ.
ಪೆನ್ಸಿಲ್ ಎತ್ತಿ ಹಿಡಿದು ಕೂತಿದ್ದೇನೆ.